ತೋರಿಸುವ ಮನೆ

ನಮ್ಮ ಮಸ್ಕಿಯಲ್ಲಿ ಹಳೆಯದಕ್ಕೆ ಬೆಲೆ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಶೋಕನ ಹೆಸರು ಕೊರೆದ ಬಂಡೆ ಗುಡ್ಡದಲ್ಲಿದೆ, ನಿಜ. ಅದನ್ನು ನೋಡಲು ದೂರದೂರಿನಿಂದ ಜನ ಬರುತ್ತಾರೆ, ನನ್ನ ಕಿರಾಣಿ ಅಂಗಡಿಯ ಮುಂದೆ ನಿಂತು ದಾರಿ ಕೇಳುತ್ತಾರೆ, ಒಂದು ನೀರಿನ ಬಾಟಲಿ ಕೊಂಡು ಹೋಗುತ್ತಾರೆ. ಚಕ್ರವರ್ತಿಯಿಂದ ಜಂಬಣ್ಣನೆಂಬ ನನಗೆ ಆದ ಲಾಭ ಅಷ್ಟೇ. ಆದರೆ ನನ್ನ ದೊಡ್ಡಪ್ಪನ ಮಗ ಬಸವಲಿಂಗ ಸಿಂಧನೂರಿನಲ್ಲಿ ಅಕ್ಕಿ ಗಿರಣಿ ನಡೆಸುವವನು. ಅಶೋಕನಿಂದ ತನಗೂ ಒಂದಿಷ್ಟು ಗಿಟ್ಟಲಿ ಎಂದು ಅವನಿಗೆ ಅನಿಸಿತು. ಹಳೇ ಬಜಾರಿನಲ್ಲಿ ನನ್ನ ಅಂಗಡಿಯ ಎದುರಿಗಿರುವ ನಮ್ಮ ಹಿರಿಯರ ಮನೆಯನ್ನು ರಿಪೇರಿ ಮಾಡಿಸಿ, 'ಐತಿಹಾಸಿಕ ಮಸ್ಕಿಯಲ್ಲಿ ನವೀಕರಿಸಿದ ಪಾರಂಪರಿಕ ಮನೆ ಮಾರಾಟಕ್ಕಿದೆ' ಎಂದು ಮೊಬೈಲಿನಲ್ಲಿ ಹಾಕಿಬಿಟ್ಟ.

ಮನೆ ಪಾಲಾದಾಗ ದೊಡ್ಡಪ್ಪನ ಹಿಸ್ಸೆಗೆ ಆ ದೊಡ್ಡ ಮನೆ ಬಂತು, ನಮ್ಮಪ್ಪನ ಹಿಸ್ಸೆಗೆ ಅಂಗಡಿ ಮತ್ತು ಅಂಗಡಿಯ ಹಿಂದಿನ ಎರಡು ಕೋಣೆ ಬಂದವು. ನನಗೆ ಅದರ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಬಸವಲಿಂಗ ಮಾಡಿಸಿದ ರಿಪೇರಿಯ ಬಗ್ಗೆ. ಹಳೆಯ ಮಣ್ಣಿನ ಮಾಳಿಗೆ ಕಿತ್ತು ಸಿಮೆಂಟಿನ ಸ್ಲ್ಯಾಬ್ ಹಾಕಿಸಿದ. ಅದರ ಕೆಳಗೆ ಬಿಳಿಯ ಎರಡನೇ ಛತ್ತು ಮಾಡಿಸಿ, ಅದರ ಅಂಚಿನಲ್ಲಿ ಬಣ್ಣಬಣ್ಣದ ದೀಪ ಅಡಗಿಸಿದ. ಗೇಟಿಗೆ ಸ್ಟೀಲಿನ ಎರಡು ನವಿಲು ಬಂದವು. ನಾನು ಹುಟ್ಟಿದ ಬಾಣಂತಿ ಕೋಣೆ ಈಗ ಕುರ್ಚಿ ಪಾಯಖಾನೆ ಆಗಿದೆ. ಅದನ್ನು ನೋಡಿದ ದಿನ ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ, ಸಿಟ್ಟಂತೂ ಬಂತು. ಸಿಟ್ಟು ನನಗೆ ಬೇಗ ಬರುತ್ತದೆ, ಅದು ಊರಿಗೇ ಗೊತ್ತು. ಬಾಗಿಲ ಪಕ್ಕದಲ್ಲಿ ಒಂದು ಉದ್ದನೆಯ ಸ್ವಿಚ್ಚಿನ ಬೋರ್ಡು. ವೈರಿಂಗ್ ಮಾಡಿದವನು ಸಿಂಧನೂರಿನವನು, ಯಾವ ಸ್ವಿಚ್ಚಿಗೆ ಯಾವುದು ಹತ್ತುತ್ತದೆ ಎಂದು ಹೇಳದೆಯೇ ಹೋಗಿಬಿಟ್ಟಿದ್ದ.

ಚಾವಿ ನನ್ನ ಬಳಿ ಕೊಟ್ಟು, "ಜಂಬಣ್ಣಾ, ಗಿರಾಕಿ ಬಂದ್ರ ಸ್ವಲ್ಪ ತೋರಿಸು. ಎದುರಿಗೇ ಇರ್ತಿ," ಎಂದ ಬಸವಲಿಂಗ.

ಗಿರಾಕಿಗಳು ಬಂದರು. ಒಬ್ಬ ಬಾಗಿಲು ತೆಂಕಣಕ್ಕಿದೆ ಎಂದು ಹೊಸ್ತಿಲಿನಿಂದಲೇ ಹಿಂದಿರುಗಿದ. ಇನ್ನೊಬ್ಬ ಎತ್ತು ಎಲ್ಲಿ ಕಟ್ಟಬೇಕು ಎಂದು ಕೇಳಿ, ಅದೇ ಉಸಿರಿನಲ್ಲಿ ಕಾರು ಎಲ್ಲಿ ನಿಲ್ಲಿಸಬೇಕು ಎಂದೂ ಕೇಳಿದ. ಮತ್ತೊಬ್ಬನ ಹೆಂಡತಿ ದೇವರ ಕೋಣೆಯ ಗೋಡೆಗೇ ಪಾಯಖಾನೆ ಹತ್ತಿಕೊಂಡಿದ್ದು ಕಂಡು "ಶಿವಶಿವಾ" ಎಂದು ಹೊರಗೆ ಓಡಿದಳು. ಎಲ್ಲರೂ ನನ್ನ ಅಂಗಡಿಯಲ್ಲಿ ಚಹಾ ಕುಡಿದರು. ಮನೆಯನ್ನು ಮಾತ್ರ ಯಾರೂ ಕೊಳ್ಳಲಿಲ್ಲ. ಗೇಟಿನ ನವಿಲುಗಳ ನಡುವೆ 'ಮಾರಾಟಕ್ಕಿದೆ' ಹಲಗೆ ಬಿಸಿಲಿಗೆ ಬಣ್ಣ ಬಿಡುತ್ತ ನೇತಾಡಿತು.

ಅದೇ ಹೊತ್ತಿಗೆ ನಮ್ಮ ಮನೆಯಲ್ಲೂ ಒಂದು ಸರಕು ಮಾರಾಟವಾಗದೆ ಉಳಿದಿತ್ತು. ಅದು ನನ್ನ ಮಗ ಗುರುಬಸವ.

ಹುಡುಗನಲ್ಲಿ ಐಬಿಲ್ಲ. ಹೊಲ ಮಾಡುತ್ತಾನೆ, ತೊಗರಿ, ಜೋಳ, ಸಜ್ಜೆ ಬೆಳೆಯುತ್ತಾನೆ, ಗುಟ್ಕಾ ಮುಟ್ಟುವುದಿಲ್ಲ. ಅವನದೊಂದೇ ಕೆಟ್ಟ ಚಟವೆಂದರೆ ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೆ ಹೇಳುವುದು. ಎದ್ದು ಬಂದು ಎದೆಗೆ ಒದ್ದರೂ ಅವನು ಬದಲಾಗುವುದಿಲ್ಲ. ವಯಸ್ಸು ಮೂವತ್ತು ದಾಟಿ ಒಂದಿಷ್ಟು ವರ್ಷವಾಯಿತು. ಹುಡುಗಿಯನ್ನು ನಾವು ನೋಡಿ ಬಂದಮೇಲೆ ಹುಡುಗಿಯ ಕಡೆಯವರು ನಮ್ಮ ಮನೆ ನೋಡಲು ಬರುವುದು ನಮ್ಮ ಕಡೆಯ ರೂಢಿ. ಗಂಡಸರು ಜಗುಲಿ, ಹೊಲದ ಪಹಣಿ ನೋಡುತ್ತಾರೆ. ಹೆಂಗಸರು ಅಡುಗೆಮನೆ, ನೀರು, ಕದದ ಹಿಂದಿನ ಕಸ ನೋಡುತ್ತಾರೆ. ಕೊನೆಗೆ ಒಂದು ತಟ್ಟೆಯಲ್ಲಿ ಸಕ್ಕರೆ ಇಡುತ್ತೇವೆ. ಸಕ್ಕರೆ ಬಾಯಿಗೆ ಹಾಕಿಕೊಂಡರೆ ಲಗ್ನ ನಿಕ್ಕಿಯಾದಂತೆ. ಬರೀ ಚಹಾ ಕುಡಿದು ಎದ್ದರೆ ಮುಗಿಯಿತು.

ನಮ್ಮಲ್ಲಿ ಎಲ್ಲರೂ ಚಹಾ ಕುಡಿದು ಎದ್ದರು. ತುರ್ವಿಹಾಳದವರು ಬಂದಾಗ ನಮ್ಮ ಕೋಣೆಯ ಮಣ್ಣಿನ ಮಾಳಿಗೆಯಿಂದ ಒಂದು ಚಿಟಿಕೆ ಮಣ್ಣು ಸರಿಯಾಗಿ ಹುಡುಗಿಯ ಅಪ್ಪನ ಕಪ್ಪಿನೊಳಗೆ ಉದುರಿತು. ಅವರು ಕಾಲುವೆ ನೀರಿನ ಜನ, ಭತ್ತದ ರೊಕ್ಕದಲ್ಲಿ ಮನೆತುಂಬ ಟೈಲ್ಸ್ ಹಾಕಿಸಿದವರು. ಆತ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟು, "ಹುಡುಗ ಛಲೋ ಅದಾನ್ರಿ. ಆದ್ರ ಮನಿ..." ಎಂದು ಮೇಲೆ ನೋಡಿದ. ಅವರು ಹೋದಮೇಲೆ ನನ್ನ ಹೆಂಡತಿ ಕಸ್ತೂರೆಮ್ಮ ಸಕ್ಕರೆಯನ್ನು ಮತ್ತೆ ಡಬ್ಬಿಗೆ ಸುರಿದಳು. ಆ ಸಪ್ಪಳ ಕೇಳಿದರೆ ನನ್ನ ಹೊಟ್ಟೆ ಉರಿಯುತ್ತಿತ್ತು. ಎಷ್ಟು ಸಲ ಅಂತ ಒಂದೇ ಸಕ್ಕರೆಯನ್ನು ತೆಗೆದು ಹಾಕುವುದು?

ಹೀಗಿರುವಾಗ ಪಾಮನಕಲ್ಲೂರಿನ ಪಂಪಣ್ಣ ಒಂದು ದಿನ ಅಂಗಡಿಗೆ ಬಂದ. ಹಳೆಯ ಗೆಳೆಯ, ಒಣ ಬೇಸಾಯದವನು. ಎಣ್ಣೆ ಕೊಂಡ, ಬೆಲ್ಲ ಕೊಂಡ, ಆದರೂ ಹೋಗಲಿಲ್ಲ.

"ಜಂಬಣ್ಣಾ, ಆ ಮನಿ ಚಾವಿ ನಿನ್ನ ಹತ್ರ ಐತಲ್ಲ?"

"ಐತಿ. ಯಾಕ, ಕೊಳ್ಳತಿಯೇನು?"

"ನಾ ಎಲ್ಲಿ ಕೊಳ್ಳಲಿ. ಒಂದು ಮುಂಜಾನಿಗೆ ಮಾತ್ರ ಬೇಕಿತ್ತು. ನಾಳೆ ನನ್ನ ಮಗನ್ನ ನೋಡಾಕ ಬೀಗರು ಬರಾಕತ್ತ್ಯಾರ. ಮಸ್ಕ್ಯಾಗೊಂದು ಮನಿ ಐತಿ ಅಂತ ಬಾಯಿ ಜಾರಿ ಹೇಳೀನಿ."

ನಾನು ಸಿಟ್ಟಾದೆ. ಪಂಪಣ್ಣ ನನ್ನ ಸಿಟ್ಟು ಮುಗಿಯುವ ತನಕ ಬೆಲ್ಲದ ಚೂರು ಚೀಪುತ್ತ ಕುಳಿತ. ಆಮೇಲೆ, "ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡು ಅಂತ ಹಿರೇರೇ ಹೇಳ್ಯಾರ. ನಾ ಒಂದs ಹೇಳೀನಿ," ಎಂದ.

ಅವನ ಮಗನ ವಯಸ್ಸು ಕೂಡ ನನ್ನ ಮಗನದೇ. ನಾನು ಚಾವಿ ಕೊಟ್ಟೆ. ಬಾಗಿಲು ತೆಗೆದು ದೀಪ ಹಚ್ಚಿ ಬರಲು ಗುರುಬಸವನನ್ನೇ ಕಳಿಸಿದೆ. ಕಸ್ತೂರೆಮ್ಮ 'ಮಾರಾಟಕ್ಕಿದೆ' ಹಲಗೆಯನ್ನು ಬಿಚ್ಚಿ ತಂದು ನಮ್ಮ ನೀರಿನ ಡ್ರಮ್ಮಿನ ಮೇಲೆ ಮುಚ್ಚಿದಳು. ಮರುದಿನ ಮಧ್ಯಾಹ್ನದೊಳಗೆ ಪಂಪಣ್ಣನ ಬೀಗರು ಸಕ್ಕರೆ ತಿಂದು ಹೋದರು. ಲಗ್ನವಾಗಿ ಸೊಸೆ ಅಮರೇಶ್ವರಿ ಬಂದಮೇಲೆ ಮಸ್ಕಿ ಮನೆ ಎಲ್ಲಿ ಎಂದು ಕೇಳಿದ್ದಕ್ಕೆ, "ಮಾರಿಬಿಟ್ವಿ" ಎಂದನಂತೆ ಪಂಪಣ್ಣ. ಹೋಗಿ ನೋಡಿದರೂ ಗೇಟಿಗೆ ಹಲಗೆ ಇದ್ದೇ ಇತ್ತಲ್ಲ!

ಸುದ್ದಿಗೆ ಕಾಲು ಬಂತು. ಆ ಮನೆಗೆ ಟೈಲ್ಸ್ ಹಾಸಿದ ನಬೀಸಾಬ್ ಬಂದು, "ಭಾಯಿ, ನನ್ನ ಅಕ್ಕನ ಮಗನಿಗೂ ಒಂದು ಮುಂಜಾನಿ," ಎಂದ. ಹಾಸಿದವನಿಗೇ ಇಲ್ಲವೆನ್ನಲು ಹೇಗಾಗುತ್ತದೆ? ಅವನ ಹಿಂದೆ ಇನ್ನಿಬ್ಬರು ಬಂದರು. ಎಲ್ಲ ಲಗ್ನಗಳೂ ಕೂಡಿಬಂದವು. ಆ ಮನೆಯಲ್ಲಿ ಇಟ್ಟ ಸಕ್ಕರೆ ಒಮ್ಮೆಯೂ ಡಬ್ಬಿಗೆ ವಾಪಸು ಹೋಗಲಿಲ್ಲ. ಬಸವಲಿಂಗ ಫೋನ್ ಮಾಡಿ, "ಯಾರರ ನೋಡಾಕ ಬಂದಿದ್ರೇನು?" ಎಂದು ಕೇಳಿದರೆ, "ಭಾಳ ಮಂದಿ ಬಂದಿದ್ರು. ಎಲ್ಲಾರಿಗೂ ಖುಷಿ ಆಗೇತಿ," ಎನ್ನುತ್ತಿದ್ದೆ. ಅದರಲ್ಲಿ ಸುಳ್ಳೇನಿತ್ತು?

ಪ್ರತಿ ಸಲವೂ ಹೋಗಿ ಬಾಗಿಲು ತೆಗೆದು, ಕಸ ಗುಡಿಸಿ, ದೀಪ ಹಚ್ಚಿ ಬರುತ್ತಿದ್ದವನು ಗುರುಬಸವ. ಬೇರೆಯವರ ಲಗ್ನಕ್ಕೆ ದೀಪ ಹಚ್ಚಿ, ಹೊರಗೆ ಬಂದು ನಮ್ಮ ಅಂಗಡಿಯಲ್ಲಿ ತಕ್ಕಡಿ ಹಿಡಿಯುತ್ತಿದ್ದ. ಒಂದು ದಿನ ಅದನ್ನು ನೋಡುತ್ತ ನಿಂತ ಕಸ್ತೂರೆಮ್ಮನ ಕಣ್ಣು ತುಂಬಿ ಬಂತು.

"ಊರ ಮಂದಿಗೆಲ್ಲ ಆ ಮನಿ ಆತು. ನಮ್ಮ ಹುಡುಗನಿಗೆ ಯಾಕ ಬ್ಯಾಡ? ಅದು ನಿಮ್ಮ ಹಿರೇರ ಮನಿ. ನೀವು ಹುಟ್ಟಿದ ಮನಿ!"

"ನಾ ಹುಟ್ಟಿದ ಜಾಗಾ ಏನಾಗೇತಿ ಅಂತ ನಿನಗ ಗೊತ್ತಿಲ್ಲೇನು?" ಎಂದೆ.

ಅವಳು ಆಗಲೇ ಲಿಂಗಸುಗೂರಿನ ಒಂದು ಸಂಬಂಧ ಹಿಡಿದಿದ್ದಳು. ಹುಡುಗಿಯ ಹೆಸರು ಭಾಗ್ಯಶ್ರೀ. ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ನಾವು ನೋಡಲು ಹೋದ ದಿನ ಗುರುಬಸವನಿಗೆ ಚಹಾ ಕೊಡುತ್ತ, "ಸಕ್ಕರಿ ಕಡಿಮಿ ಆಗೇತೇನು?" ಎಂದು ಕೇಳಿದ್ದಳು. "ಹೌದ್ರಿ, ಆಗೇತಿ," ಎಂದಿದ್ದ ಇವನು. ಆಕೆ ನಕ್ಕಿದ್ದಳು. ಅವತ್ತಿನಿಂದ ನನ್ನ ಮಗ ಹೊಲದಲ್ಲಿ ಒಬ್ಬನೇ ನಗುತ್ತಾನೆ ಎಂದು ಪಕ್ಕದ ಹೊಲದವರು ಹೇಳಿದರು. ಈ ಸಂಬಂಧ ತಪ್ಪಿದರೆ ಅವನು ಇನ್ನೊಂದು ಹುಡುಗಿಯನ್ನು ನೋಡುವುದಿಲ್ಲ ಎಂದು ನಮಗಿಬ್ಬರಿಗೂ ಗೊತ್ತಿತ್ತು.

ಆದರೂ ಸುಳ್ಳಿನ ಮನೆಗೆ ಅವನು ಒಪ್ಪಲಿಲ್ಲ. ಕಸ್ತೂರೆಮ್ಮ ಊಟ ಬಿಟ್ಟಳು. ಮರುದಿನ ಅವನು, "ಕುಂದ್ರು ಅಂದ್ರ ಅಲ್ಲಿ ಕುಂದರ್ತೀನಿ. ಆದ್ರ ನನ್ನ ಯಾರೂ ಏನೂ ಕೇಳಬಾರದು," ಎಂದ. ಅದನ್ನೇ ಒಪ್ಪಿಗೆ ಎಂದುಕೊಂಡೆವು.

ಬೇಸಿಗೆಯ ನಡುಮಧ್ಯ. ಮನೆ ನೋಡಲು ಬರುವ ದಿನ ಬೆಳಿಗ್ಗೆ ಇಡೀ ಹಳೇ ಬಜಾರು ನಮ್ಮ ಸಹಾಯಕ್ಕೆ ನಿಂತಿತು. ನಾಲ್ಕು ಲಗ್ನದ ಅನುಭವ ಇದ್ದದ್ದರಿಂದ ಯಾರಿಗೂ ಏನೂ ಹೇಳಿಕೊಡಬೇಕಾಗಲಿಲ್ಲ. ನಬೀಸಾಬ್ ತನ್ನ ಸೋಫಾ ಹೊರಿಸಿ ತಂದ. ಸೈಕಲ್ ಅಂಗಡಿಯ ಅಲ್ಲಾಭಕ್ಷ್ ತನ್ನ ಮನೆಯ ಫ್ರಿಜ್ಜನ್ನು ತಳ್ಳುಗಾಡಿಯಲ್ಲಿ ಕಳಿಸಿದ, ಒಳಗೆ ಮೊಸರಿನ ಗಡಿಗೆ ಹಾಗೇ ಇತ್ತು. ಕಸ್ತೂರೆಮ್ಮ ತನ್ನ ಖಾರದ ಡಬ್ಬಿ, ರೊಟ್ಟಿಯ ಬುಟ್ಟಿ, ಉಪ್ಪಿನಕಾಯಿ ಜಾಡಿ, ಮಜ್ಜಿಗೆಯ ಗಡಿಗೆ ಎಲ್ಲ ಹೊತ್ತೊಯ್ದು, ಹೊಸ ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿ ವಾಸನೆ ಎಬ್ಬಿಸಿದಳು. ಹಲಗೆ ಡ್ರಮ್ಮಿನ ಮೇಲೆ ಹೋಯಿತು. ನಾನು ನಮ್ಮಪ್ಪನ ಫೋಟೋ ಗೋಡೆಗೆ ನೇತುಹಾಕಿದೆ. ತನ್ನ ಹಿಸ್ಸೆಗೆ ಬರದ ಮನೆಯಲ್ಲಿ ಅಪ್ಪ ನನ್ನನ್ನೇ ದಿಟ್ಟಿಸಿ ನೋಡುತ್ತಿದ್ದಾನೆ ಅನ್ನಿಸಿತು.

ಬಂದವರು ನಾಲ್ವರು. ಹುಡುಗಿಯ ತಾಯಿ, ಸೋದರಮಾವ, ಅಜ್ಜಿ ಸಿದ್ಲಿಂಗಮ್ಮ, ಮತ್ತು ಭಾಗ್ಯಶ್ರೀ. ಹುಡುಗಿ ತಾನೇ ಮನೆ ನೋಡಲು ಬರುವುದು ನಾನು ಕಂಡಿರಲಿಲ್ಲ. "ಇರಾಕಿ ನಾನು, ನೋಡಾಕಿನೂ ನಾನs," ಎಂದಳಂತೆ. ನನಗೆ ಅದು ಹಿಡಿಸಿತು.

ಹೊಸ್ತಿಲು ದಾಟುತ್ತಿದ್ದಂತೆ ಕಸ್ತೂರೆಮ್ಮ ನನಗೆ ಕಣ್ಣು ಮಾಡಿದಳು, ದೀಪ ಹಚ್ಚಿ ಎಂದು. ನಾನು ಮನೆಯ ಯಜಮಾನನ ಗತ್ತಿನಲ್ಲಿ ಬೋರ್ಡಿನ ಮೊದಲ ಸ್ವಿಚ್ಚು ಒತ್ತಿದೆ. ಅಡುಗೆಮನೆಯ ಹೊಗೆ ಎಳೆಯುವ ಪಂಖ ಒದರತೊಡಗಿತು. ಅಜ್ಜಿ ಬೆಚ್ಚಿದಳು. ಎರಡನೆಯದು ಒತ್ತಿದೆ. ಮಟಮಟ ಬಿಸಿಲಿನಲ್ಲಿ ಗೇಟಿನ ನವಿಲುಗಳ ಕಣ್ಣು ಹೊಳೆದವು.

"ನಿಮ್ಮ ಮನಿ ಸ್ವಿಚ್ಚು ನಿಮಗs ಗೊತ್ತಿಲ್ಲೇನ್ರಿ?" ಎಂದ ಸೋದರಮಾವ, ನಗುತ್ತಲೇ.

ಗುರುಬಸವ ಬಂದು ಮೂರನೆಯದು ಒತ್ತಿದ. ಛತ್ತಿನ ಅಂಚಿನಲ್ಲಿ ಕೆಂಪು, ಹಸಿರು, ನೀಲಿ ದೀಪಗಳು ಸುತ್ತು ಹೊಡೆದವು. ತಾಯಿ "ಅವ್ವಯ್ಯ!" ಎಂದು ಬಾಯಿ ತೆರೆದಳು. ಸೋದರಮಾವ ಸೋಫಾದಲ್ಲಿ ಕುಳಿತು ಕಾಲು ಮೇಲೆ ಕಾಲು ಹಾಕಿದ. ಇನ್ನೇನು ಸಕ್ಕರೆಯೊಂದೇ ಬಾಕಿ ಎಂದು ನಾನು ಉಸಿರು ಬಿಟ್ಟೆ.

ಆದರೆ ಸಿದ್ಲಿಂಗಮ್ಮ ಕೂರುವ ಮುದುಕಿಯಲ್ಲ. ಕೋಲೂರುತ್ತ ಮನೆಯೆಲ್ಲ ಸುತ್ತಿದಳು. ಕಣ್ಣು ಅಷ್ಟಾಗಿ ಕಾಣದಿದ್ದರೂ ಕಾಲು ಚುರುಕು. ಅಡುಗೆಮನೆಯ ಬಾಗಿಲಲ್ಲಿ ಒಂದು ಟೈಲ್ಸು ಅಲುಗುತ್ತದೆ, ಮೆಟ್ಟಿದರೆ 'ಟಕ್' ಎನ್ನುತ್ತದೆ. ಸರಿಮಾಡು ಎಂದು ನಬೀಸಾಬ್‌ಗೆ ನಾನು ಎಷ್ಟು ಬೈದರೂ ಅವನು ನಾಳೆ ಎನ್ನುತ್ತಿದ್ದ. ಮುದುಕಿ ಅದನ್ನು ಮೆಟ್ಟಿದಳು. ನಿಂತಳು. ಮತ್ತೆ ಮೆಟ್ಟಿದಳು.

"ಈ ಟಕ್ ನಾ ಕೇಳೀನಿ," ಎಂದಳು.

ಮುದುಕಿ ಇನ್ನೊಮ್ಮೆ ಮೆಟ್ಟಿದಳು. "ಇಲ್ಲೇ ನಾ ಎಡವಿದ್ದೆ. ನಮ್ಮ ದೊಡ್ಡ ಮಗಳ ಮಗಳು ಅಮರೇಶ್ವರಿಗೆ ಮನಿ ನೋಡಾಕ ಬಂದಾಗ! ಗೇಟಿಗೆ ನವಿಲು ಇದ್ದಿದ್ವಲ್ಲ? ಇದು ಪಾಮನಕಲ್ಲೂರು ಪಂಪಣ್ಣನ ಮನಿ!"

ಮುದುಕಿ ತಾನೇ ಲೆಕ್ಕ ಹಾಕಿ ಒಂದು ಸಮಾಧಾನ ಕಂಡುಕೊಂಡಳು. "ಹೌದಲ್ಲ, ಪಂಪಣ್ಣ ಮನಿ ಮಾರೀನಿ ಅಂದಿದ್ದ. ಅವನ ಕಡಿಂದ ಕೊಂಡೋರು ನೀವೇನು?"

ದೇವರೇ ಬಾಗಿಲು ತೆರೆದಂತಾಯಿತು. ಹೌದು ಎಂದರೆ ಸಾಕು, ಪಂಪಣ್ಣನ ಮಾನವೂ ಉಳಿಯುತ್ತದೆ, ನಮ್ಮದೂ ಉಳಿಯುತ್ತದೆ. ಆದರೆ ಮುದುಕಿ ಕೋಲು ಎತ್ತಿ ತೋರಿಸಿದ್ದು ಗುರುಬಸವನ ಕಡೆಗೆ.

"ಹೌದ್ರಿ," ಎಂದಳು ಕಸ್ತೂರೆಮ್ಮ.

"ಅಲ್ರಿ," ಎಂದ ಗುರುಬಸವ.

ಎರಡೂ ಒಂದೇ ಸಲಕ್ಕೆ ಬಂದವು. ನಾನು "ನೀರು ತರ್ತೀನಿ" ಎಂದು ಎದ್ದೆ. ಅದೇ ಗಳಿಗೆಗೆ ಕರೆಂಟು ಹೋಯಿತು.

ಬಣ್ಣದ ದೀಪ ಆರಿತು, ಫ್ಯಾನು ನಿಂತಿತು. ಸ್ಲ್ಯಾಬಿನ ಕಾವು ಇಳಿದು ಬಂತು. ಬಸವಲಿಂಗ ಕಿಟಕಿಗಳಿಗೆ ತೆರೆಯಲಾಗದ ಗಾಜು ಬೇರೆ ಹಾಕಿಸಿದ್ದ. ಸೋದರಮಾವನ ಅಂಗಿ ಬೆನ್ನಿಗೆ ಅಂಟಿತು. ಆ ಕಾವಿನಲ್ಲಿ ಗುರುಬಸವ ಒಂದೊಂದೇ ಮಾತು ಹೇಳಿದ. "ಈ ಮನಿ ನಮ್ಮದಲ್ರಿ. ಪಂಪಣ್ಣಂದೂ ಅಲ್ಲ. ನಮ್ಮ ಕಾಕಾಂದು, ಮಾರಾಟಕ್ಕ ಐತಿ. ಆ ಸೋಫಾ ನಬೀಸಾಬ್ ಕಾಕಾಂದು. ಫ್ರಿಜ್ಜು ಅಲ್ಲಾಭಕ್ಷ್ ಅವರದು, ಒಳಗಿನ ಮೊಸರುನೂ ಅವರದs. ನಮ್ಮ ಮನಿ ಎದುರಿಗೆ, ಅಂಗಡಿ ಹಿಂದ ಐತಿ. ಎರಡು ಕೋಲಿ. ಮಣ್ಣಿನ ಮಾಳಿಗಿ."

ಕಸ್ತೂರೆಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಸೋದರಮಾವ ಎದ್ದು ನಿಂತು, "ನಡೀರಿ, ಬಸ್ಸಿಗೆ ಹೊತ್ತಾತು!" ಎಂದ. ನಡೆಯಬೇಕಾದ ಮುದುಕಿ ಮಾತ್ರ ಕಂಬಕ್ಕೆ ಒರಗಿ, "ಬಸ್ಸು ಆಮ್ಯಾಲ. ಮೊದಲು ನನ್ನ ಈ ಒಲಿಯಿಂದ ಹೊರಗ ತಗೀರಿ, ಜೀವ ಹೊಂಟೈತಿ," ಎಂದಳು.

ಗುರುಬಸವ ಅವಳ ರಟ್ಟೆ ಹಿಡಿದು ರಸ್ತೆ ದಾಟಿಸಿದ. ಇನ್ನೊಂದು ರಟ್ಟೆ ಭಾಗ್ಯಶ್ರೀ ಹಿಡಿದಿದ್ದಳು. ನಮ್ಮ ಒಳಕೋಣೆಯ ಹೊರಸಿನ ಮೇಲೆ ಮುದುಕಿಯನ್ನು ಮಲಗಿಸಿದರು. ಹೊರಗೆ ಬೆಂಕಿ ಸುರಿಯುತ್ತಿದ್ದರೂ ಮಣ್ಣಿನ ಮಾಳಿಗೆಯ ಕೆಳಗೆ ತಂಪಿತ್ತು. ಮಜ್ಜಿಗೆ ಕೊಡೋಣವೆಂದರೆ ನಮ್ಮ ಗಡಿಗೆ ಎದುರಿನ ಮನೆಯಲ್ಲಿತ್ತು; ನಾನೇ ಓಡಿ ತಂದೆ. ನೀರು ತೆಗೆಯಲು ಹೋದ ಭಾಗ್ಯಶ್ರೀ ಡ್ರಮ್ಮಿನ ಮೇಲಿದ್ದ 'ಮಾರಾಟಕ್ಕಿದೆ' ಹಲಗೆಯನ್ನು ಎತ್ತಿ, ಓದಿ, ಗೋಡೆಗೆ ಒರಗಿಸಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಮಜ್ಜಿಗೆ ಕುಡಿದು ಮುದುಕಿ ಮೇಲೆ ನೋಡುತ್ತ ಮಲಗಿದಳು. ಭಾಗ್ಯಶ್ರೀ ಗುರುಬಸವನನ್ನು ನೇರವಾಗಿ ಕೇಳಿದಳು, "ಮಣ್ಣು ಉದುರ್ತೈತೇನ್ರಿ?"

"ಉದುರ್ತೈತ್ರಿ. ಪ್ರತಿ ವರ್ಷ ಮಳಿಗಿಂತ ಮೊದಲು ಮ್ಯಾಲ ಹೊಸ ಮಣ್ಣು ಹಾಕಿ ಬಡೀಬೇಕು. ಹೋದ ವರ್ಷ ತೊಗರಿ ರಾಶಿ ಗದ್ದಲದಾಗ ನಾ ಹಾಕಲಿಲ್ಲ."

"ಈ ವರ್ಷ?"

"ನೀವು ಬರ್ತೀನಿ ಅಂದ್ರ ನಾಳೆನs ಹಾಕ್ತೀನಿ."

ಅವಳು ತಲೆ ತಗ್ಗಿಸಿದಳು. ಕಸ್ತೂರೆಮ್ಮ ಆಸೆಯಿಂದ ಸಕ್ಕರೆಯ ತಟ್ಟೆ ತಂದು ಹೊರಸಿನ ಮುಂದೆ ಇಟ್ಟಳು. ಮುದುಕಿ ಎದ್ದು ಕುಳಿತು ತಟ್ಟೆಯನ್ನು ಬದಿಗೆ ಸರಿಸಿ, ನನ್ನ ಕಡೆ ತಿರುಗಿದಳು. ಆಮೇಲೆ ನಾನು ತಿಂದ ಬೈಗುಳವನ್ನು ಇಲ್ಲಿ ಬರೆಯುವುದು ಶೋಭೆಯಲ್ಲ. ನನಗೆ ಸಿಟ್ಟು ಬರುತ್ತದೆಂದು ಊರೆಲ್ಲ ಹೆದರುತ್ತದೆ. ಅವತ್ತು ಬಜಾರೆಲ್ಲ ಬಾಗಿಲಿಗೆ ಬಂದು ನಿಂತು ನನ್ನ ಬಾಯಿ ಕಟ್ಟಿದ್ದನ್ನು ನೋಡಿತು.

"ಎಷ್ಟು ಹೆಣ್ಣಮಕ್ಕಳಿಗೆ ಆ ಮನಿ ತೋರಿಸಿ ಟೋಪಿ ಹಾಕೀರಿ? ನಾಚಿಕಿ ಬರಂಗಿಲ್ಲೇನು? ತಾ ಇಲ್ಲಿ ಚಾವಿ!"

ನಾನು ಕೊಟ್ಟೆ. ಬೇರೆ ಏನು ಮಾಡಲಿ? ಅವಳು ಚಾವಿಯನ್ನು ಸೆರಗಿನ ತುದಿಗೆ ಗಂಟು ಹಾಕಿದಳು. "ಇನ್ನ ಯಾರೂ ಆ ಮನಿ ತೋರಿಸಿ ಲಗ್ನ ಮಾಡಬಾರದು. ಹುಡುಗಿ ಜವಾಬು ಎಂಟು ದಿನ ಬಿಟ್ಟು ಹೇಳ್ತೀವಿ," ಎಂದು ಹೊರಟಳು. ಸಕ್ಕರೆ ತಟ್ಟೆಯಲ್ಲಿಯೇ ಉಳಿಯಿತು. ಈ ಸಲ ಕಸ್ತೂರೆಮ್ಮ ಅದನ್ನು ಡಬ್ಬಿಗೆ ಸುರಿಯಲಿಲ್ಲ. ತಟ್ಟೆಗೆ ಬಟ್ಟೆ ಮುಚ್ಚಿ ಜಗುಲಿಯ ಮೇಲಿಟ್ಟಳು.

ಆ ವಾರವೇ ಗುರುಬಸವ ಟ್ರ್ಯಾಕ್ಟರಿನಲ್ಲಿ ಮಣ್ಣು ತಂದು ಮಾಳಿಗೆಯ ಮೇಲೆ ಹಾಕತೊಡಗಿದ. ಮೇಲಿನಿಂದ ಧಪ್ ಧಪ್ ಎಂದು ಬಡಿಯುವ ಸಪ್ಪಳ ಬರುತ್ತಿತ್ತು. ಜವಾಬು ಬರುವ ಮೊದಲೇ ಬಡಿಯುತ್ತಿದ್ದಾನಲ್ಲ ಎಂದು ನನ್ನ ಕರುಳು ಚುರುಕ್ಕೆಂದಿತು. ಸುಳ್ಳು ಹೇಳಿದ್ದಕ್ಕಲ್ಲ, ಇಂಥ ಮಗನಿಗೆ ಸುಳ್ಳು ಬೇಕು ಎಂದುಕೊಂಡೆನಲ್ಲ, ಅದಕ್ಕೆ.

ಅಷ್ಟರಲ್ಲಿ ಬಸವಲಿಂಗನ ಫೋನು. "ಜಂಬಣ್ಣಾ, ಖರೇ ಗಿರಾಕಿ ಸಿಕ್ಕ್ಯಾನ! ಐತಾರ ಬೆಳಿಗ್ಗೆ ಮನಿ ನೋಡಿ ಮುಂಗಡ ಕೊಡ್ತಾನ. ಚಾವಿ ತಯಾರ್ ಇಡು."

"ಬೇಫಿಕರ್ ಇರು," ಎಂದು ಫೋನಿಟ್ಟು ತಲೆ ಮೇಲೆ ಕೈ ಹೊತ್ತು ಕುಳಿತೆ. ಜವಾಬಿಗಾಗಿ ಹೋಗುವ ಧೈರ್ಯ ನನಗಿರಲಿಲ್ಲ; ಚಾವಿಗಾಗಿ ಹೋಗಲೇಬೇಕಾಯಿತು. ಭಾನುವಾರಕ್ಕೆ ಎರಡೇ ದಿನ ಉಳಿದಾಗ, ಶುಕ್ರವಾರ, ಗುರುಬಸವನ ಬೈಕಿನ ಹಿಂದೆ ಕುಳಿತು ಲಿಂಗಸುಗೂರಿಗೆ ಹೋದೆ. ಕಸ್ತೂರೆಮ್ಮ ಜಗುಲಿಯ ಮೇಲಿನ ಸಕ್ಕರೆಯನ್ನು ಕಾಗದದಲ್ಲಿ ಕಟ್ಟಿ ನನ್ನ ಕಿಸೆಗೆ ಹಾಕಿದಳು. "ಹೇಳಾಕ ಬರಂಗಿಲ್ಲ," ಎಂದಳು.

ಅವರದು ಗಲ್ಲಿಯಲ್ಲಿ ತಗಡಿನ ಛಾವಣಿಯ ಮನೆ. ಸಿದ್ಲಿಂಗಮ್ಮ ಬಾಗಿಲಲ್ಲೇ ಕುಳಿತಿದ್ದಳು, ಸೆರಗಿನ ಗಂಟು ಹಾಗೇ ಇತ್ತು. ಪಕ್ಕದಲ್ಲಿ ಅವಳ ಮಗನ ಮಗ ಶರಣಬಸವ, ಭಾಗ್ಯಶ್ರೀಯ ಅಣ್ಣ, ಕೂದಲಿಗೆ ಆಗತಾನೇ ಕಪ್ಪು ಹಚ್ಚಿಕೊಂಡು ಒಣಗಲು ಬಿಟ್ಟು ಕುಳಿತಿದ್ದ. ನನ್ನ ಮಗನಿಗಿಂತ ದೊಡ್ಡವನು.

ನಾನು ಬಾಯಿ ತೆರೆಯುವ ಮೊದಲೇ ಮುದುಕಿ ಹೇಳಿದಳು. "ಹುಡುಗಿ ಒಪ್ಪ್ಯಾಳ. ತಾಯಿ ಹೌದು ಅಂದಾಗ ಅಲ್ಲ ಅನ್ನೋ ಗಂಡಸು ಜಿಲ್ಲಾದಾಗ ಇನ್ನೊಬ್ಬ ಇಲ್ಲ ಅಂತಾಳ. ನಾನೂ ಒಪ್ಪೀನಿ. ಆ ಮಾಳಿಗಿ ತಂಪು ನನಗ ಇನ್ನೂ ಮೈಯಾಗ ಐತಿ."

ನನ್ನ ಕಣ್ಣಲ್ಲಿ ನೀರು ಬಂತು. ಕಿಸೆಯಿಂದ ಸಕ್ಕರೆಯ ಪೊಟ್ಟಣ ತೆಗೆದು ಬಿಚ್ಚಿ ಅವಳ ಮುಂದೆ ಹಿಡಿದೆ. ಅವಳು ಒಂದು ಚಿಟಿಕೆ ತೆಗೆದುಕೊಂಡಳು. ಬಾಯಿಗೆ ಮಾತ್ರ ಹಾಕಿಕೊಳ್ಳಲಿಲ್ಲ.

"ಆದ್ರ ಚಾವಿ ಐತಾರದ ತನಕ ನನ್ನ ಹತ್ರ ಇರ್ಲಿ," ಎಂದಳು.

"ಯಾಕ್ರಿ?"

ಮುದುಕಿ ಶರಣಬಸವನ ಕಡೆ ನೋಡಿ, ಆಮೇಲೆ ಗೋಡೆಯ ಕಡೆ ನೋಡಿದಳು. "ಐತಾರ ತುರ್ವಿಹಾಳದವರು ಇವನ ಮನಿ ನೋಡಾಕ ಬರಾಕತ್ತ್ಯಾರ. ಮಸ್ಕ್ಯಾಗ ಐತಿ ಅಂತ ಹೇಳೀವಿ."

"ಅಜ್ಜೀ!" ಒಳಗಿನಿಂದ ಭಾಗ್ಯಶ್ರೀ ಹೊರಗೆ ಬಂದಳು. "ಮೊನ್ನೆ ಅವರಿಗೆ ಅಷ್ಟು ಬೈದು ಬಂದಿ. ಈಗ ನೀನs?"

"ಅವರು ಹೇಳಿದ್ದು ಸುಳ್ಳು," ಎಂದಳು ಮುದುಕಿ, ಒಂಚೂರೂ ಅಳುಕದೆ. "ನಾ ಮಾಡಾಕತ್ತಿದ್ದು ಲಗ್ನ."

ನಾನು ಬಸವಲಿಂಗನ ಗಿರಾಕಿಯ ಹಕೀಕತ್ತು ಹೇಳಿದೆ, ಐತಾರ ಆಗುವುದೇ ಇಲ್ಲ ಎಂದೆ. ಮುದುಕಿ ಬೆರಳ ತುದಿಯಲ್ಲಿ ಸಕ್ಕರೆ ಹಿಡಿದೇ ಕುಳಿತಳು, ಅತ್ತ ಕೆಳಗಿಡಲಿಲ್ಲ, ಇತ್ತ ಬಾಯಿಗೂ ಒಯ್ಯಲಿಲ್ಲ. ಶರಣಬಸವನ ಹಣೆಯ ಮೇಲೆ ಕಪ್ಪು ಬಣ್ಣ ಇಳಿಯುತ್ತಿತ್ತು, ಅವನು ಒರೆಸಿಕೊಳ್ಳಲಿಲ್ಲ. ಅವನ ಮುಖ ನನಗೆ ಗುರುತಿನದು. ಚಹಾ ಕುಡಿದು ಎದ್ದು ಹೋದವರ ಬೆನ್ನು ನೋಡುತ್ತ ನಿಂತಾಗ ನನ್ನ ಮಗನ ಮುಖ ಹಾಗೇ ಇರುತ್ತಿತ್ತು.

ಕೊನೆಗೆ ಮುದುಕಿ ಗುರುಬಸವನ ಕಡೆ ತಿರುಗಿದಳು. "ನೀ ಹೇಳಪಾ. ಖರೇ ಮಾತಿನ ಹುಡುಗ ನೀನು. ನಾ ಮಾಡೋದು ತಪ್ಪೇನು?"

ಮುಗಿಯಿತು ಎಂದುಕೊಂಡೆ. ತಪ್ಪು ಎಂದೇ ಹೇಳುತ್ತಾನೆ. ಹೇಳಿದರೆ ಆ ಚಿಟಿಕೆ ಸಕ್ಕರೆ ನೆಲಕ್ಕೆ ಬೀಳುತ್ತದೆ. ಗುರುಬಸವ ಶರಣಬಸವನನ್ನು ನೋಡಿದ. ಆಮೇಲೆ ಭಾಗ್ಯಶ್ರೀಯನ್ನು ನೋಡಿದ. ಅವಳು ಸಿಟ್ಟು ಮಾಡಬೇಕೆಂದು ನಿಂತವಳು ತುಟಿ ಕಚ್ಚಿ ನಗು ತಡೆಯುತ್ತಿದ್ದಳು.

"ತಪ್ಪು ಐತಿ, ಅಜ್ಜಿ," ಎಂದ.

ನಾನು ಕಣ್ಣು ಮುಚ್ಚಿದೆ.

"ಆದ್ರ ಬಣ್ಣದ ದೀಪಕ್ಕ ಮೂರನೇ ಸ್ವಿಚ್ಚು. ಮೊದಲನೇದು ಒತ್ತಬ್ಯಾಡ್ರಿ, ಪಂಖ ಒದರ್ತೈತಿ. ಮತ್ತ ಕರೆಂಟು ಹೋಗೋದ್ರೊಳಗ ಸಕ್ಕರಿ ತಿನ್ನಿಸಿಬಿಡ್ರಿ."

ಮುದುಕಿ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡಳು. ನಾನು ಫೋನ್ ತೆಗೆದು, ಗಿರಾಕಿ ಸೋಮವಾರ ಬರಲಿ ಎಂದು ಬಸವಲಿಂಗನಿಗೆ ಹೇಳಿದೆ.